ದೊರೆಯ ಬರಿಗಾಲು

ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು ಎಂದರೆ ಜನ ನನ್ನನ್ನು ಗಟ್ಟಿಗಿತ್ತಿ ಎಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ನಾನು ಹುಟ್ಟಾ ಪುಕ್ಕಲಿ. ಹೆರಿಗೆ ಮಾಡಿಸುವಾಗ, ಹಾವು ಕಚ್ಚಿದವರಿಗೆ ಸೂಜಿ ಹಾಕುವಾಗ ಕೈ ನಡುಗದಂತೆ ನೋಡಿಕೊಳ್ಳುವುದನ್ನು ಕಲಿತಿದ್ದೆ, ಅಷ್ಟೆ. ಎದೆ ನಡುಗುವುದನ್ನು ನಿಲ್ಲಿಸಲು ಯಾರೂ ಕಲಿಸಿಕೊಡಲಿಲ್ಲ. ನಿವೃತ್ತಿಯಾದ ದಿನ, ಇನ್ನು ಮೇಲೆ ಯಾರ ಜೀವವೂ ನನ್ನ ಕೈಯಲ್ಲಿಲ್ಲ ಎಂದು ಉಸಿರು ಬಿಟ್ಟೆ. ಆ ನೆಮ್ಮದಿ ಒಂದು ವರ್ಷವೂ ಉಳಿಯಲಿಲ್ಲ, ಯಾಕೆಂದರೆ ನಮ್ಮ ಹಿತ್ತಲ ಮನೆಗೆ ಒಬ್ಬ ದೊರೆ ಬಾಡಿಗೆಗೆ ಬಂದ.

ನಮ್ಮ ಕಡೆ ಬಿಳಿ ಜನರನ್ನು ಇವತ್ತಿಗೂ ದೊರೆ ಎಂದೇ ಕರೆಯುವುದು. ಅದರಲ್ಲಿ ಸ್ವಲ್ಪ ಗೌರವ, ಜಾಸ್ತಿ ಕೀಟಲೆ. ಈತ ಅರವತ್ತೆಂಟರ ಮನುಷ್ಯ. ತನ್ನ ದೇಶದಲ್ಲಿ ಸೇತುವೆ ಕಟ್ಟಿಸುವ ಕೆಲಸದಲ್ಲಿದ್ದು ನಿವೃತ್ತನಾದವನು. ತೀರಿಕೊಂಡ ಹೆಂಡತಿ ನಮ್ಮ ಜಿಲ್ಲೆಯವಳೇ, ದುದ್ದದ ಕಡೆಯವಳು. ಅವಳ ದೆಸೆಯಿಂದ ಅವನಿಗೆ ಇಲ್ಲಿರುವ ಕಾಗದಪತ್ರವೂ ಸಿಕ್ಕಿತ್ತು, ನಮ್ಮ ಮಾತೂ ಸಿಕ್ಕಿತ್ತು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಪಕ್ಕದ ನಮ್ಮ ಊರಿಗೆ ಬಂದಿಳಿದ ಮೊದಲ ದಿನವೇ ಅಂಗಳದಲ್ಲಿ ನಿಂತು, "ಅಕ್ಕ, ಇಲ್ಲಿ ನೀರು ಎಷ್ಟೊತ್ತಿಗೆ ಬುಡ್ತಾರೆ?" ಎಂದು ಕೇಳಿದ. ವಯಸ್ಸಿನಲ್ಲಿ ನನಗಿಂತ ಐದು ವರ್ಷ ದೊಡ್ಡವನು. ಆದರೂ ಆವತ್ತಿನಿಂದ ನಾನು ಅವನಿಗೆ ಅಕ್ಕ.

ಅವನನ್ನು ನೋಡಲು ಭಾನುವಾರ ಭಾನುವಾರ ಇಬ್ಬರು ಬರುತ್ತಿದ್ದರು. ಒಬ್ಬಳು ಮಂಡ್ಯದ ದೊರೆಸಾನಿ. ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು, ಯೋಗ ಕಲಿಯಲೆಂದು ಮೈಸೂರಿಗೆ ಬಂದು, ಅಲ್ಲಿಯ ಗಲಾಟೆ ಒಗ್ಗದೆ ಮಂಡ್ಯದಲ್ಲಿ ಎರಡನೇ ಮಹಡಿಯ ಮನೆ ಹಿಡಿದು ಉಳಿದುಬಿಟ್ಟಿದ್ದಳು. ಇನ್ನೊಬ್ಬ ವರ್ಷದಲ್ಲಿ ಆರು ತಿಂಗಳು ಮಳವಳ್ಳಿಯಲ್ಲಿ, ಆರು ತಿಂಗಳು ತನ್ನ ದೇಶದಲ್ಲಿ ಇರುವವನು. ಅವನು ಯಾರು ಮಾತಾಡಿದರೂ ಅವರ ಕಡೆ ತಲೆಯಾಡಿಸುತ್ತಾ ತಟ್ಟೆಯಲ್ಲಿದ್ದ ವಡೆಯನ್ನೆಲ್ಲ ಖಾಲಿ ಮಾಡುತ್ತಿದ್ದ. ಮೂವರೂ ನನ್ನ ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುತ್ತಾ ಒಂದೇ ವಿಷಯಕ್ಕೆ ಜಗಳವಾಡುತ್ತಿದ್ದರು: ಬೇರೆಯವರ ದೇಶಕ್ಕೆ ಬಂದು ನೆಲೆಸಿದ ಮೇಲೆ ಯಾರು ನಿಜವಾಗಿ ಬದುಕುತ್ತಿದ್ದಾರೆ, ಯಾರು ಬರೀ ವೇಷ ಹಾಕಿದ್ದಾರೆ ಎಂದು. ಜಗಳ ಇಂಗ್ಲಿಷಿನಲ್ಲಿ. ಆಸ್ಪತ್ರೆಯ ಇಂಗ್ಲಿಷ್ ನನಗೂ ಬರುತ್ತದೆ, ಆದ್ದರಿಂದ ಅಡುಗೆಮನೆಯಿಂದಲೇ ಎಲ್ಲ ತಿಳಿಯುತ್ತಿತ್ತು.

ದೊರೆಯ ಪ್ರಕಾರ ಮುದ್ದೆಯನ್ನು ಅಗಿಯದೆ ನುಂಗಬೇಕು, ಬಚ್ಚಲಲ್ಲಿ ಚೊಂಬಿನಿಂದ ಸ್ನಾನ ಮಾಡಬೇಕು, ಪಕ್ಕದವರ ಗದ್ದೆಯಲ್ಲಿ ಕಳೆ ಕೀಳಬೇಕು, ಮುಖ್ಯವಾಗಿ ಬರಿಗಾಲಲ್ಲಿ ನಡೆಯಬೇಕು. ದೊರೆಸಾನಿ ಇದನ್ನೆಲ್ಲ ಕೇಳಿ ಹುಬ್ಬು ಗಂಟಿಕ್ಕುತ್ತಿದ್ದಳು. ತನ್ನ ಮನೆಯಲ್ಲಿ ತಾನೇ ಸುಟ್ಟ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿ ತಂದಿರುತ್ತಿದ್ದಳು, ಅದನ್ನು ಕೊಯ್ಯುತ್ತಾ ಉತ್ತರ ಕೊಡುತ್ತಿದ್ದಳು.

"ಹದಿಮೂರು ವರ್ಷದಿಂದ ಮಂಡ್ಯದಲ್ಲಿ ಕರೆಂಟ್ ಬಿಲ್ಲು ಕಟ್ಟುತ್ತಿದ್ದೇನೆ. ಡೆಂಗ್ಯೂ ಜ್ವರ ಬಂದು ಅಲ್ಲೇ ಮಲಗಿ ಅಲ್ಲೇ ಎದ್ದಿದ್ದೇನೆ. ಸೊಪ್ಪು ಮಾರುವವಳ ಮೊಮ್ಮಗುವಿನ ನಾಮಕರಣಕ್ಕೆ ಹೋಗಿ ಬಂದಿದ್ದೇನೆ. ನಾನು ಶೂ ಹಾಕುತ್ತೇನೆ ಅಂದ ಮಾತ್ರಕ್ಕೆ ಇದೆಲ್ಲ ನಾಟಕವಾಗಿಬಿಡುತ್ತದೆಯೆ?"

"ಶೂ ಇರುವವರೆಗೂ ನಿನ್ನ ಕಾಲು ನಿನ್ನ ದೇಶದಲ್ಲೇ ಇದೆ," ಎನ್ನುತ್ತಿದ್ದ ದೊರೆ.

"ನನ್ನ ಕಾಲು ನನ್ನ ಹತ್ತಿರ ಇದೆ, ಅಷ್ಟು ಸಾಕು."

ಬಾಗಿಲಲ್ಲಿ ಶೂ ಬಿಟ್ಟರೂ ಅವಳು ಬಿಳಿ ಕಾಲುಚೀಲ ಮಾತ್ರ ಬಿಚ್ಚುತ್ತಿರಲಿಲ್ಲ. ಬಸ್ಸಿಳಿದು ಮಧ್ಯಾಹ್ನದ ಬಿಸಿಲಲ್ಲಿ ಬಂದಾಗ ಶೂ ಬಿಟ್ಟ ಜಾಗದಿಂದ ಜಗಲಿಯವರೆಗೆ ಅಂಗಳದ ಚಪ್ಪಡಿ ಕಲ್ಲಿನ ಮೇಲೆ ಕುಪ್ಪಳಿಸುತ್ತಾ ಓಡಿ ಬರುತ್ತಿದ್ದಳು. ನಾನು ಬರಿಗಾಲಲ್ಲಿ ಅಲ್ಲೇ ನಿಂತು ಅವಳ ಕೈಯಿಂದ ಚೀಲ ಇಸಿದುಕೊಳ್ಳುತ್ತಿದ್ದೆ. "ಈ ಕಲ್ಲು ಇಷ್ಟು ಸುಡುತ್ತಿದೆ, ನೀವು ಹೇಗೆ ನಿಲ್ಲುತ್ತೀರಿ?" ಎಂದು ಒಂದು ಸಲ ಕೇಳಿದಳು. "ಅಭ್ಯಾಸ ಕಣಮ್ಮ, ಹುಟ್ಟಿದಾಗಿಂದ ತುಳಿದಿದ್ದೀವಿ," ಎಂದು ನಾನು ನಕ್ಕಿದ್ದೆ. ದೊರೆ ಅದನ್ನೂ ತನ್ನ ವಾದಕ್ಕೆ ಸೇರಿಸಿಕೊಂಡ.

ಅವನ ಮೊದಲ ಬೇಸಿಗೆ ನನಗೆ ಚೆನ್ನಾಗಿ ನೆನಪಿದೆ. ಚಪ್ಪಲಿ ಬಿಟ್ಟು ಗದ್ದೆಗೆ ಹೊರಟವನು ಬದುವಿನ ಮೇಲೆ ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಅಮ್ಮಾ ಅಪ್ಪಾ ಎಂದು ಕುಣಿದಿದ್ದ. ಎರಡನೇ ಬೇಸಿಗೆಯಲ್ಲಿ ಕುಂಟುತ್ತಾದರೂ ನಡೆದ. ಮೂರನೇ ವರ್ಷ ಶಿವರಾತ್ರಿಯ ಹೊತ್ತಿಗೆ ನಮ್ಮವರು ಹುರುಳಿಯನ್ನು ಟಾರು ರಸ್ತೆಯ ಮೇಲೆ ಹರಡಿದ್ದರು. ಓಡಾಡುವ ಬಸ್ಸು ಲಾರಿಗಳೇ ಅದನ್ನು ತುಳಿದು ಕಾಳು ಬಿಡಿಸಿಕೊಡುತ್ತವೆ, ನಮ್ಮ ಕಡೆ ಈಗ ಅದೇ ಕಣ. ಕಣವೆಂದ ಮೇಲೆ ಚಪ್ಪಲಿ ಮೆಟ್ಟಿ ಹತ್ತುವಂತಿಲ್ಲ ಎಂದು ದೊರೆ ಮಟಮಟ ಮಧ್ಯಾಹ್ನ ಬರಿಗಾಲಲ್ಲಿ ಆ ಟಾರಿನ ಮೇಲೆ ನಿಂತು ಹುರುಳಿ ತಿರುವಿ ಹಾಕಿದ. ಚಪ್ಪಲಿ ಹಾಕಿಕೊಂಡೇ ಇದ್ದ ನಮ್ಮ ಜನ ಬಾಯಿ ಬಿಟ್ಟುಕೊಂಡು ನೋಡಿದರು.

ಪಕ್ಕದ ಮನೆಯ ಗೌಡರಿಗೆ ಹಿಗ್ಗೋ ಹಿಗ್ಗು. ಅವರ ಗದ್ದೆಯಲ್ಲೇ ದೊರೆ ಕಳೆ ಕೀಳುತ್ತಿದ್ದುದು. "ಲೇ, ನೋಡ್ರುಲಾ ಇಲ್ಲಿ. ದೊರೆಗೆ ನಮ್ ಮಣ್ಣು ಇಡುದ್ಬುಡ್ತು ಕಣ್ರುಲಾ. ಇನ್ ಇವ್ನು ಎಲ್ಗೂ ಓಗಕಿಲ್ಲ," ಎಂದು ಇಡೀ ರಸ್ತೆಗೆ ಕೇಳುವಂತೆ ಹೇಳಿದರು. ದೊರೆಯ ಮುಖ ನೋಡಬೇಕಿತ್ತು. ಅಷ್ಟು ಸಂತೋಷವನ್ನು ನಾನು ಮತ್ತೆ ಆ ಮುಖದಲ್ಲಿ ಕಾಣಲಿಲ್ಲ.

ಆವತ್ತು ನಾನೂ ನಕ್ಕೆ, ನನಗೂ ಹೆಮ್ಮೆಯಾಯಿತು. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ಯಾಕೆಂದರೆ ದೊರೆಗೆ ಸಕ್ಕರೆ ಕಾಯಿಲೆ ಇತ್ತು ಮತ್ತು ಅದು ನನಗೆ ಗೊತ್ತಿತ್ತು. ಅವನ ಮಾತ್ರೆಯನ್ನು ಮದ್ದೂರಿನಿಂದ ನಾನೇ ತರುತ್ತಿದ್ದೆ, ನನ್ನ ಮಾತ್ರೆಯ ಜೊತೆಗೇ, ಇಬ್ಬರದೂ ಒಂದೇ ಮಾತ್ರೆ. ಸಕ್ಕರೆ ಕಾಯಿಲೆಯವರ ಕಾಲು ಮೊದಲು ಜೋಮು ಹಿಡಿಯುತ್ತದೆ, ಆಮೇಲೆ ಏನೂ ತಿಳಿಯದಂತಾಗುತ್ತದೆ, ಕಾಲು ಸುಟ್ಟರೂ ಗೊತ್ತಾಗದವರನ್ನು ಕಂಡರೆ ಹೆದರಿ ಎಂದು ಊರೂರು ತಿರುಗಿ ಹೆಂಗಸರಿಗೆ ಪಾಠ ಹೇಳಿದವಳು ನಾನೇ. ಅಂಥ ಕಾಲು ನನ್ನ ಕಣ್ಣೆದುರು ಸುಡುವ ಟಾರಿನ ಮೇಲೆ ನಿಂತಿದ್ದಾಗ ನಾನು ಚಪ್ಪಾಳೆ ತಟ್ಟಿದೆ. ನಮ್ಮ ಊರನ್ನು ಯಾರಾದರೂ ಹೊಗಳಿದರೆ ನಮಗೆ ತಲೆ ನಿಲ್ಲುವುದಿಲ್ಲ, ಅದರಲ್ಲೂ ಕಾಲಿನಿಂದ ಹೊಗಳಿದರೆ ಕೇಳುವುದೇ ಬೇಡ.

ಅದಾಗಿ ಎರಡು ವಾರಕ್ಕೆ ಆ ಭಾನುವಾರ ಬಂತು. ದೊರೆ ಬೆಳಿಗ್ಗೆಯೇ ಗೌಡರ ಕಬ್ಬು ಕಡಿದ ಗದ್ದೆಗೆ ಹೋಗಿ ತರಗು ಬಾಚಿ ಬಂದಿದ್ದ. ಹನ್ನೊಂದರ ಹೊತ್ತಿಗೆ ಮೂವರೂ ಜಗಲಿಯಲ್ಲಿ ಸೇರಿದರು. ನಮ್ಮ ಜಗಲಿಯದು ಹಳೇ ಕೆಂಪು ಗಾರೆ ನೆಲ. ದೊರೆ ಮಾತಿನ ಭರದಲ್ಲಿ ಎದ್ದು ಆ ಕಡೆಯಿಂದ ಈ ಕಡೆಗೆ ಓಡಾಡುತ್ತಿದ್ದ. ನೆಲವನ್ನು ಪಾದದಿಂದ ಅರಿಯದವನು ಒಂದು ಊರಿನಲ್ಲಿ ಇದ್ದೂ ಇಲ್ಲದವನು ಎಂದೇನೋ ಹೇಳುತ್ತಿದ್ದ. ನಾನು ಎರಡು ಸಲ ಕಾಫಿ ಕೊಟ್ಟು, ಒಂದು ಸಲ ಲೋಟ ತೆಗೆದುಕೊಂಡು ಹೋದೆ. ದೊರೆಸಾನಿ ಕೈ ತೊಳೆಯಲು ಎದ್ದು ಹೋಗಿ ಬಂದು ಕುಳಿತಳು. ಕುಳಿತವಳು ಕಾಲು ಎತ್ತಿ ನೋಡಿಕೊಂಡಳು. ಅವಳ ಮುಖ ಬಿಳಿಚಿಕೊಂಡಿತು.

"ನನ್ನ ಕಾಲಿಗೆ ಏನೋ ಆಗಿದೆ," ಎಂದಳು.

ಬಿಳಿ ಕಾಲುಚೀಲದ ಅಡಿ ಕೆಂಪಗೆ ನೆನೆದಿತ್ತು. ನಾನು ಓಡಿಬಂದು ಕಾಲುಚೀಲ ಎಳೆದೆ. ಪಾದ ತೊಳೆದಿಟ್ಟಷ್ಟು ಚೊಕ್ಕ, ಒಂದು ಗೀರೂ ಇಲ್ಲ. ಇನ್ನೊಂದು ಕಾಲನ್ನೂ ನೋಡಿದೆ. ಅಲ್ಲೂ ಇಲ್ಲ. ಆಗ ನೆಲದ ಮೇಲೆ ಕೈಯಾಡಿಸಿದೆ. ಕೈಗೆ ಅಂಟಿತು. ಕೆಂಪು ನೆಲದ ಮೇಲೆ ಕೆಂಪು ಕಾಣುವುದಿಲ್ಲ, ಓರೆಯಾಗಿ ಬೆಳಕಿಗೆ ತಲೆ ಬಗ್ಗಿಸಿ ನೋಡಿದರೆ ಮಾತ್ರ ಹೊಳೆಯುತ್ತದೆ. ಬಗ್ಗಿ ನೋಡಿದೆ. ಜಗಲಿಯ ಉದ್ದಕ್ಕೂ, ಹೋಗಿ ಬಂದು ಹೋಗಿ ಬಂದು, ಒಂದು ಬಲಗಾಲಿನ ಗುರುತು. ಅದರ ಮೇಲೆ ನಾನೂ ನಾಲ್ಕಾರು ಸಲ ಓಡಾಡಿದ್ದೆ. ಒದ್ದೆ ಎಂದು ನನಗೆ ಅನ್ನಿಸಿರಲೇ ಇಲ್ಲ. ಗಡಿಬಿಡಿಯಲ್ಲಿ ಗಮನವಿರಲಿಲ್ಲ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ.

ಗುರುತಿನ ಕೊನೆಯಲ್ಲಿ ದೊರೆ ನಿಂತು ಇನ್ನೂ ಮಾತಾಡುತ್ತಿದ್ದ.

"ದೊರೆ, ಕೂತ್ಕಳಿ," ಎಂದೆ.

ಕೂರಿಸಿ ಪಾದ ತಿರುಗಿಸಿದೆ. ಕೊನೆಯ ಎರಡು ಬೆರಳುಗಳ ಬುಡದಲ್ಲಿ ಕಬ್ಬಿನ ಕೂಳೆಯ ಚೂರು ನಾಟಿಕೊಂಡಿತ್ತು. ಕಬ್ಬು ಕಡಿದ ಮೇಲೆ ನೆಲದಲ್ಲಿ ಉಳಿಯುವ ಮೋಟು ಅದು, ಕತ್ತಿಯಷ್ಟು ಚೂಪು. ಬೆರಳುದ್ದದ ಚೂರು ಒಳಗೆ ಮುರಿದು ಕೂತಿತ್ತು. ಬೆಳಿಗ್ಗೆಯಿಂದ ಆ ಕಾಲಲ್ಲೇ ಗದ್ದೆಯಿಂದ ಮನೆಗೆ ನಡೆದು, ಮುಖ ತೊಳೆದು, ಇಡ್ಲಿ ತಿಂದು, ಒಂದು ಗಂಟೆ ವಾದ ಮಾಡಿದ್ದ. ನಾನು ಅದನ್ನು ಹಿಡಿದು ಎಳೆದಾಗಲೂ ಅವನ ಕಣ್ಣು ರೆಪ್ಪೆ ಬಡಿಯಲಿಲ್ಲ.

"ನೋಡ್ದಾ ಅಕ್ಕ? ನೋವೇ ಇಲ್ಲ," ಎಂದು ನಕ್ಕ. ಮಳವಳ್ಳಿಯಾತ ತಲೆಯಾಡಿಸಿ ತಾನೂ ನಕ್ಕ.

ಗಾಯ ತೊಳೆದು ಕಟ್ಟಿದ ಮೇಲೆ ತೆಂಗಿನ ಕಡ್ಡಿ ಪೊರಕೆಯಿಂದ ಒಂದು ಹೊಸ ಕಡ್ಡಿ ಎಳೆದುಕೊಂಡು, ತುದಿ ತೊಳೆದು ತಂದೆ. ಹಳ್ಳಿಗಳಲ್ಲಿ ನಾನು ಮಾಡುತ್ತಿದ್ದ ಪರೀಕ್ಷೆ ಅದು. ಕಾಯಿಲೆಯವರು ಕಣ್ಣು ಮುಚ್ಚಬೇಕು, ಕಡ್ಡಿಯ ತುದಿ ಪಾದಕ್ಕೆ ತಗುಲಿದಾಗಲೆಲ್ಲ ಹೂಂ ಎನ್ನಬೇಕು.

"ಕಣ್ ಮುಚ್ಕಳಿ. ಮುಟ್ದಾಗ ಹೂಂ ಅನ್ನಿ."

ಮೊಣಕಾಲ ಕೆಳಗೆ ಮುಟ್ಟಿದೆ. "ಹೂಂ." ಹಿಮ್ಮಡಿಯ ಮೇಲೆ ಮುಟ್ಟಿದೆ. "ಹೂಂ." ಪಾದದ ಮೇಲೆ. "ಹೂಂ." ಹೆಬ್ಬೆರಳಿಗೆ. "ಹೂಂ." ಒಂದೂ ತಪ್ಪಲಿಲ್ಲ. ದೊರೆಸಾನಿ ಸಮಾಧಾನದಿಂದ ಉಸಿರು ಬಿಟ್ಟಳು. ಆದರೆ ನನಗೆ ಆ ಹೂಂಗಳ ಲಯ ಹಿಡಿಸಲಿಲ್ಲ, ಅವು ಗಡಿಯಾರದ ಮುಳ್ಳಿನ ಹಾಗೆ ಬರುತ್ತಿದ್ದವು. ನಾನು ಕಡ್ಡಿಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತೆ.

"ಹೂಂ," ಎಂದ ದೊರೆ.

ನಾನು ಅಲುಗಲಿಲ್ಲ.

"ಹೂಂ." ಸ್ವಲ್ಪ ತಡೆದು, "ಹೂಂ."

ದೊರೆಸಾನಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ದೊರೆ ಕಣ್ಣು ತೆರೆದು ನಮ್ಮ ಮೂವರ ಮುಖವನ್ನೂ ನೋಡಿ, "ಪಾಸಾದ್ನಾ ಅಕ್ಕ?" ಎಂದು ಕೇಳಿದ. ನನ್ನ ಜೀವಮಾನದಲ್ಲಿ ಎಷ್ಟೋ ಸಾವು ನೋಡಿದ್ದೇನೆ. ಆ ಪ್ರಶ್ನೆಗೆ ಹೆದರಿದಷ್ಟು ಯಾವುದಕ್ಕೂ ಹೆದರಿಲ್ಲ.

ಈಗಲೇ ಮಂಡ್ಯದ ಆಸ್ಪತ್ರೆಗೆ ಹೋಗೋಣ ಎಂದೆ. ದೊರೆಸಾನಿಯೂ ಹೇಳಿದಳು. ಅವನು ಒಪ್ಪಲಿಲ್ಲ. ಅಲ್ಲಿಯವರೆಗೆ ಇಂಗ್ಲಿಷಿನಲ್ಲಿದ್ದವನು ನಮ್ಮ ಮಾತಿಗೆ ಇಳಿದ.

"ಒಂದು ಕೂಳೆ ಚುಚ್ಚಿದ್ದಕ್ಕೆ ಈ ಊರಲ್ಲಿ ಯಾರಕ್ಕ ಆಸ್ಪತ್ರೆಗೆ ಓಯ್ತಾರೆ? ಗೌಡ್ರು ಓಗಿದ್ರಾ? ನೀನು ಓಗಿದ್ಯಾ?"

ಗೌಡರು ಅರಿಶಿನ ಎಣ್ಣೆ ಕಾಯಿಸಿ ಹಚ್ಚಿ ಮಾರನೇ ದಿನ ಗದ್ದೆಗೆ ಇಳಿಯುವವರೇ. ನಮ್ಮ ಉಡಾಫೆಯನ್ನೆಲ್ಲ ಆತ ಶಿಸ್ತಾಗಿ ಕಲಿತಿದ್ದ, ಈಗ ಅದನ್ನೇ ನಮ್ಮ ಮುಂದೆ ಹಿಡಿಯುತ್ತಿದ್ದ. ಊರಿನ ಆರೋಗ್ಯ ಕೇಂದ್ರದಲ್ಲಿ ಒಂದು ಟಿಟಿ ಸೂಜಿಗೆ ಒಪ್ಪಿದ, ಅದಕ್ಕಿಂತ ಮುಂದೆ ಬರಲಿಲ್ಲ. ನಾನು ಹಟ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಜಗಳವೆಂದರೆ ನನಗೆ ಭಯ, ಅವನು ಸಿಟ್ಟಾಗಿ ಮನೆ ಬಿಟ್ಟು ಹೋದಾನೆಂಬ ಭಯ, ಹೋಗದೆ ಇಲ್ಲೇ ಏನಾದರೂ ಆದೀತೆಂಬ ಭಯ. ಎಲ್ಲ ಭಯಗಳೂ ಸೇರಿ ನನ್ನ ಬಾಯಿ ಕಟ್ಟಿಹಾಕಿದವು.

ಸೋಮವಾರ ಗಾಯದ ಸುತ್ತ ಕೆಂಪು. ಮಂಗಳವಾರ ಊತ. ನಾನು ಬೆಳಿಗ್ಗೆ ಸಂಜೆ ತೊಳೆದು ಕಟ್ಟುತ್ತಿದ್ದೆ. ಎದ್ದ ತಕ್ಷಣ ಹಿತ್ತಲ ಮನೆಯ ಬಾಗಿಲು ತೆರೆದಿದೆಯೇ ಎಂದು ಕಿಟಕಿಯಿಂದ ನೋಡುವುದು ಅಭ್ಯಾಸವಾಯಿತು. ತೆರೆದಿರುವುದು ಕಂಡರೆ ಅರ್ಧ ಉಸಿರು ಬರುತ್ತಿತ್ತು. ಪರದೇಶದವನು ನನ್ನ ಮನೆಯಲ್ಲಿ ತೀರಿಕೊಂಡರೆ ಯಾರಿಗೆ ಹೇಳಬೇಕು, ಪೊಲೀಸರು ನನ್ನನ್ನು ಏನೆಂದು ಕೇಳುತ್ತಾರೆ, ನರ್ಸಾಗಿದ್ದವಳು ಸುಮ್ಮನೆ ಯಾಕಿದ್ದೆ ಎಂದರೆ ಏನು ಹೇಳಲಿ ಎಂದೆಲ್ಲ ಯೋಚನೆ ಬರುತ್ತಿತ್ತು. ಒಬ್ಬ ಮನುಷ್ಯನ ಕಾಲು ಕೊಳೆಯುತ್ತಿರುವಾಗ ನಾನು ನನ್ನ ತಲೆ ಉಳಿಸಿಕೊಳ್ಳುವ ಲೆಕ್ಕ ಹಾಕುತ್ತಿದ್ದೆ. ಹೆದರಿದ ಮನುಷ್ಯನಿಗೆ ತಾನು ಬಿಟ್ಟರೆ ಬೇರೆ ಯಾರೂ ಕಾಣುವುದಿಲ್ಲ.

ಬುಧವಾರ ಗೌಡರು ಬೇಲಿಯ ಆಚೆಯಿಂದ, "ಎಂಗದೆ ದೊರೆ ಕಾಲು?" ಎಂದು ಕೇಳಿದರು.

"ಚೆನ್ನಾಗದೆ ಗೌಡ್ರೆ. ನಾಳಿದ್ದು ಕಳೆಗೆ ಬತ್ತೀನಿ," ಎಂದ ದೊರೆ. ಅವನಿಗೆ ಆಗಲೇ ಮೈ ಬಿಸಿಯಾಗಿತ್ತು. ಹಣೆ ಮುಟ್ಟಿ ನೋಡಲು ಹೋದರೆ ತಲೆ ಹಿಂದಕ್ಕೆ ತೆಗೆದ.

ಗುರುವಾರ ಬೆಳಿಗ್ಗೆ ಹಿತ್ತಲ ಮನೆಯ ಹೊಸಲು ದಾಟುವ ಮೊದಲೇ ವಾಸನೆ ಬಂತು. ಆ ವಾಸನೆಯನ್ನು ಒಂದು ಸಲ ಕಂಡವರು ಮರೆಯುವುದಿಲ್ಲ. ನಾನು ವಾರ್ಡಿನಲ್ಲಿ ಅದನ್ನು ನೂರು ಸಲ ಕಂಡಿದ್ದೇನೆ, ಪಟ್ಟಿ ಬಿಚ್ಚುವ ಮೊದಲೇ ಒಳಗೇನಿದೆ ಎಂದು ಹೇಳಬಲ್ಲೆ. ಬಿಚ್ಚಿದೆ. ಕೊನೆಯ ಎರಡು ಬೆರಳು ಕಪ್ಪಾಗಿದ್ದವು. ಕೆಂಪು ಪಾದದ ಮೇಲಕ್ಕೆ ಹತ್ತುತ್ತಿತ್ತು. ದೊರೆ ಕಾಲಿನ ಕಡೆ ನೋಡದೆ ಗೋಡೆ ನೋಡುತ್ತಾ ಮಲಗಿದ್ದ. ಹೊರಗೆ ಬಂದು ದೊರೆಸಾನಿಗೆ ಫೋನ್ ಮಾಡಿದೆ. ಮಾತು ಮುಗಿಸಲು ಆಗಲಿಲ್ಲ, ಅಳು ಬಂತು. "ಬರುತ್ತೇನೆ," ಎಂದಳು, ಅಷ್ಟೆ.

ಒಂದು ಗಂಟೆಯಲ್ಲಿ ಕಾರು ಮಾಡಿಕೊಂಡು ಬಂದಳು. ನಾನು ಜಗಳವಾಗುತ್ತದೆ ಎಂದುಕೊಂಡು ಬಾಗಿಲಲ್ಲೇ ನಿಂತೆ. ಅವಳು ಅವನ ಮಂಚದ ಪಕ್ಕ ಕುಳಿತಳು. ಶೂ ಬಿಚ್ಚುವುದನ್ನು ಮರೆತಿದ್ದಳು. ಇಷ್ಟು ವರ್ಷದಲ್ಲಿ ಅವಳು ಹಾಗೆ ಒಳಗೆ ಬಂದಿದ್ದು ಅದೊಂದೇ ಸಲ.

"ಕೇಳು," ಎಂದಳು. "ನಾನು ಸೋತೆ. ನೀನು ಹೇಳಿದ್ದೇ ಸರಿ. ನೀನು ಈ ಊರಿನವನು, ನಾನಲ್ಲ. ನಾನು ಬರೀ ಬಂದು ಕೂತವಳು. ಎಲ್ಲರ ಮುಂದೆ ಬೇಕಾದರೂ ಹೇಳುತ್ತೇನೆ. ಈಗ ಎದ್ದು ಕಾರು ಹತ್ತು."

ದೊರೆ ಗೋಡೆಯ ಕಡೆಯಿಂದ ಅವಳತ್ತ ಹೊರಳಿದ. ಮೂರು ವರ್ಷದ ವಾದವನ್ನು ಅವಳು ಅಷ್ಟು ಸುಲಭವಾಗಿ ಕೆಳಗಿಡುತ್ತಾಳೆ ಎಂದು ಅವನೂ ಎಣಿಸಿರಲಿಲ್ಲ. ಆಮೇಲೆ ನನ್ನ ಕಡೆ ಕೈ ಚಾಚಿದ. ಗೌಡರು ಬಂದರು, ಇಬ್ಬರೂ ಹೆಗಲು ಕೊಟ್ಟು ಕಾರಿಗೆ ಕೂರಿಸಿದೆವು.

ಕಾರು ಮದ್ದೂರು ದಾಟಿತು. ಅವನ ಕಾಲು ನನ್ನ ಮಡಿಲಲ್ಲಿ ದಿಂಬಿನ ಮೇಲಿತ್ತು. ಜ್ವರಕ್ಕೆ ಅವನ ಮೈ ಅದುರುತ್ತಿತ್ತು. ಹೆದ್ದಾರಿಗೆ ಬಂದ ಮೇಲೆ ಅವನು ಕಣ್ಣು ಮುಚ್ಚಿಕೊಂಡೇ ಹೇಳಿದ.

"ಗೊತ್ತಿತ್ತು ಕಣಕ್ಕ. ಒಂದು ವರ್ಷದಿಂದ ಕಾಲು ಅತ್ತಿ ಮೇಲೆ ಮಡಗ್ದಂಗೆ ಆಯ್ತಿತ್ತು. ಕಾಯ್ಲೆ ಅಂದ್ಕೊಂಡ್ರೆ ಭಯ ಆಗದು. ಊರು ನನ್ನ ಒಪ್ಕಂಡದೆ ಅಂದ್ಕೊಂಡ್ರೆ ಭಯ ಓಯ್ತಿತ್ತು."

ಹತ್ತಿಯ ಮೇಲೆ ಕಾಲಿಟ್ಟ ಹಾಗೆ. ನನ್ನ ವಾರ್ಡಿನಲ್ಲಿ ಸಕ್ಕರೆ ಕಾಯಿಲೆಯವರೆಲ್ಲ ಹೇಳುತ್ತಿದ್ದುದು ಇದೇ ಮಾತು.

"ಯಾಕೆ ಹೇಳ್ಲಿಲ್ಲ?" ಎಂದೆ.

"ಹೇಳುದ್ರೆ ನೀವೆಲ್ಲ ನನ್ನ ಅಲ್ಲಿಗೆ ವಾಪಸ್ ಕಳಿಸ್ಬುಡ್ತೀರಿ. ಅಲ್ಲಿ ಮುದುಕ್ರನ್ನ ಮಡಗೊ ಮನೆ ಅದೆ. ಅಲ್ಲಿ ನೆಲಕ್ಕೆ ಕಂಬ್ಳಿ ಆಸಿರ್ತಾರೆ," ಎಂದ. ಮುಂದಿನ ಸೀಟಿನಲ್ಲಿದ್ದ ದೊರೆಸಾನಿಗೆ ಅಷ್ಟೂ ಅರ್ಥವಾಯಿತೋ ಇಲ್ಲವೋ, ಹಿಂದಕ್ಕೆ ಕೈ ಚಾಚಿ ಅವನ ತೋಳು ಹಿಡಿದುಕೊಂಡಳು.

ಆಸ್ಪತ್ರೆಯಲ್ಲಿ ಡಾಕ್ಟರು ಪಟ್ಟಿ ಬಿಚ್ಚಿಸಿ ನೋಡಿದರು, ಒಂದು ನಿಮಿಷವೂ ತಡೆಯಲಿಲ್ಲ. ಎರಡು ಬೆರಳು ಹೋಗುವುದು ಖಂಡಿತ, ಪಾದ ಉಳಿಯುತ್ತದೋ ಇಲ್ಲವೋ ಒಳಗೆ ತೆರೆದು ನೋಡಿದ ಮೇಲೆ ಹೇಳುತ್ತೇನೆ ಎಂದರು. ಆಪರೇಷನ್ನಿಗೆ ಒಪ್ಪಿಗೆಯ ಕಾಗದ ಬಂತು.

"ಇವ್ರ ಕಡೆಯೋರ್ ಯಾರಮ್ಮ? ಸೈನ್ ಹಾಕ್ಬೇಕು," ಎಂದಳು ಅಲ್ಲಿಯ ನರ್ಸು.

ಮೂವತ್ತು ವರ್ಷ ಇದೇ ಮಾತನ್ನು ಎಷ್ಟು ಜನರಿಗೆ ಹೇಳಿದ್ದೆನೋ. ಪೆನ್ನು ಹಿಡಿದುಕೊಂಡು ಹಿಂದೆ ಸರಿಯುವ ಗಂಡಸರನ್ನು ಕಂಡು ಒಳಗೊಳಗೇ ಬೈದಿದ್ದೆ. ಈಗ ನಾನೇ ಹಿಂದೆ ಸರಿದೆ. ದೊರೆಸಾನಿಗೆ ಕಾಗದದ ಕನ್ನಡ ಓದಲು ಬರುತ್ತಿರಲಿಲ್ಲ, ಅವಳು ನನ್ನ ಮುಖ ನೋಡಿದಳು. ಸೈನು ಹಾಕಿದೆ. ಅಕ್ಷರ ಅಂಕುಡೊಂಕಾಯಿತು. ಸಂಬಂಧ ಎಂದಿದ್ದ ಕಡೆ ಅಕ್ಕ ಎಂದು ಬರೆದೆ. ಎದುರಿಗಿದ್ದ ನರ್ಸು ಅವನ ವಯಸ್ಸನ್ನೂ ನನ್ನ ವಯಸ್ಸನ್ನೂ ಓದಿ ಏನೂ ಕೇಳದೆ ಕಾಗದ ತೆಗೆದುಕೊಂಡು ಹೋದಳು.

ಹೊರಗಿನ ಬೆಂಚಿನ ಮೇಲೆ ಕುಳಿತ ಎರಡು ಗಂಟೆಯ ಬಗ್ಗೆ ಬರೆಯುವುದು ಏನೂ ಇಲ್ಲ. ದೊರೆಸಾನಿ ಶೂವಿನ ದಾರ ಬಿಚ್ಚುವುದು, ಕಟ್ಟುವುದು ಮಾಡುತ್ತಿದ್ದಳು. ನಾನು ಬೇಡಿಕೊಳ್ಳದ ದೇವರಿರಲಿಲ್ಲ, ಮುತ್ತತ್ತಿಯ ಆಂಜನೇಯನಿಗೂ ಹರಕೆ ಹೊತ್ತೆ. ಡಾಕ್ಟರು ಹೊರಗೆ ಬಂದು ಎರಡೇ ಬೆರಳಿಗೆ ನಿಂತಿತು, ಪಾದ ಉಳಿಯಿತು ಎಂದರು. ಆಮೇಲೆ ನನ್ನನ್ನು ನೋಡಿ, "ನೀವು ನರ್ಸಾಗಿದ್ರಂತೆ?" ಎಂದು ಕೇಳಿದರು. ಹೌದು ಎಂದೆ. ಅವರು ತಲೆಯಾಡಿಸಿ ಒಳಗೆ ಹೋದರು, ಬೈದಿದ್ದರೆ ಚೆನ್ನಾಗಿತ್ತು.

ಮೂರು ವಾರಕ್ಕೆ ದೊರೆ ಮನೆಗೆ ಬಂದ. ಕಾಲಿಗೆ ದಪ್ಪ ಮೆತ್ತನೆಯ ಅಡಿಯ ಚಪ್ಪಲಿ, ಮನೆಯೊಳಗೂ ಅದನ್ನು ಬಿಡುವಂತಿಲ್ಲ. ಗೌಡರು ನೋಡಲು ಬಂದು ಬಾಗಿಲಲ್ಲೇ ನಿಂತರು. ಅವರು ಮಾತಿಗೆ ತಡವರಿಸಿದ್ದನ್ನು ನಾನು ಅದೇ ಮೊದಲು ಕಂಡಿದ್ದು. "ಅಲ್ಲ ಕಣವ್ವ, ನಾವೇ ಒಗ್ಳಿ ಒಗ್ಳಿ ಇವುನ್ನ ಇಂಗ್ ಮಾಡ್ಬುಟ್ವಲ್ಲ," ಎಂದು ನನಗೆ ಹೇಳಿ, ಒಳಗೆ ಬಂದು ದೊರೆಯ ಕೈ ಹಿಡಿದುಕೊಂಡು ಕುಳಿತರು.

ಭಾನುವಾರದ ಜಗಲಿ ಮತ್ತೆ ಶುರುವಾಯಿತು. ಒಂದು ಸಲ ದೊರೆ, "ಆವತ್ತು ಸೋತೆ ಅಂದಿದ್ದು ನನ್ನನ್ನು ಕಾರು ಹತ್ತಿಸಲು ತಾನೆ?" ಎಂದು ಕೆಣಕಿದ. ದೊರೆಸಾನಿ ಬ್ರೆಡ್ಡಿನ ಒಂದು ದಪ್ಪ ತುಂಡು ಕೊಯ್ದು ಅವನ ತಟ್ಟೆಗೆ ಹಾಕಿದಳು, ಅವನು ತಿಂದ. ಯಾರು ನಿಜವಾಗಿ ಬದುಕುತ್ತಿದ್ದಾರೆ ಎಂಬ ಮಾತು ಮತ್ತೆ ಏಳಲಿಲ್ಲ. ಅದರ ಬದಲು ದೊರೆಗೆ ಹೊಸ ಹುಚ್ಚು ಹಿಡಿಯಿತು. ಬಂದವರ ಕಾಲನ್ನೆಲ್ಲ ಪರೀಕ್ಷೆ ಮಾಡಬೇಕು. ಮಳವಳ್ಳಿಯಾತನ ಪಾದಕ್ಕೆ ಕಡ್ಡಿ ಮುಟ್ಟಿಸಿದಾಗ ಅವನು ಕಚಗುಳಿಗೆ ಕಿರುಚಿದ. ದೊರೆಸಾನಿ ಕಾಲುಚೀಲ ಬಿಚ್ಚಿ ಕಾಲು ಚಾಚಿದಳು, ಒಂದೂ ತಪ್ಪಲಿಲ್ಲ. ಗೌಡರೂ ಬಂದು ಕಾಲು ಕೊಟ್ಟು ಹೂಂ ಹೂಂ ಎಂದು ಗೆದ್ದು ಹೋದರು.

"ಅಕ್ಕ, ಈಗ ನಿಂದು," ಎಂದ ದೊರೆ.

ಒಲೆ ಮೇಲೆ ಹಾಲಿದೆ ಎಂದೆ. ಮುಂದಿನ ಭಾನುವಾರ ಮಂಡಿ ನೋವು ಎಂದೆ. ಅದರ ಮುಂದಿನ ಭಾನುವಾರ ಬೇಕೆಂದೇ ಶಿವಪುರಕ್ಕೆ ನೆಂಟರ ಮನೆಗೆ ಹೋದೆ. ನೆಪಗಳೆಲ್ಲ ಯಾಕೆಂದು ನನಗೆ ಗೊತ್ತಿತ್ತು. ಆ ಭಾನುವಾರ ನೆಲ ಕೈಗೆ ಅಂಟಿದಷ್ಟು ಒದ್ದೆಯಿತ್ತು, ಬರಿಗಾಲಲ್ಲಿ ನಾಲ್ಕಾರು ಸಲ ತುಳಿದರೂ ನನಗೆ ಗೊತ್ತಾಗಿರಲಿಲ್ಲ. ಆ ವಿಷಯ ನನ್ನನ್ನು ಬಿಟ್ಟು ಹೋಗಿರಲಿಲ್ಲ. ದಿನಾ ಮಧ್ಯಾಹ್ನ ಯಾರೂ ಇಲ್ಲದಾಗ ಅಂಗಳದ ಚಪ್ಪಡಿಯ ಮೇಲೆ ಹೋಗಿ ನಿಲ್ಲುತ್ತಿದ್ದೆ. ಮೊದಲು ಅಂಗೈ ಇಟ್ಟು ನೋಡುತ್ತಿದ್ದೆ, ಅಂಗೈ ಚುರುಕ್ ಎನ್ನುತ್ತಿತ್ತು. ಆಮೇಲೆ ಪಾದ ಇಟ್ಟು, ಬಿಸಿಯಾಯಿತು, ಸ್ವಲ್ಪ ಬಿಸಿಯಾಯಿತು ಎಂದು ನನಗೆ ನಾನೇ ಹೇಳಿಕೊಂಡು ಒಳಗೆ ಬರುತ್ತಿದ್ದೆ. ಪರೀಕ್ಷೆಗೆ ಕೂತರೆ ಹೀಗೆ ಹೇಳಿಕೊಳ್ಳಲು ಆಗುವುದಿಲ್ಲವಲ್ಲ ಎಂದು ನನಗೆ ಭಯ. ಬೇರೆಯವರ ಜೀವಕ್ಕೆ ಹೆದರಿ ಅಭ್ಯಾಸವಿತ್ತು, ಈ ಭಯ ನನ್ನ ಮೈಯೊಳಗೇ ಮನೆ ಮಾಡಿತ್ತು.

ಕೊನೆಗೆ ಒಂದು ದಿನ ದೊರೆಯೇ ತೆಂಗಿನ ಕಡ್ಡಿ ತೊಳೆದು ತಂದು ನನ್ನ ಎದುರಿಗೆ ಕುಳಿತ. ದೊರೆಸಾನಿ ಪಕ್ಕದಲ್ಲಿದ್ದಳು. ಅವನು ತನ್ನ ಚಪ್ಪಲಿಯ ಕಾಲನ್ನು ಕಷ್ಟಪಟ್ಟು ಮಡಿಸಿಕೊಂಡು, ನನ್ನ ಪಾದವನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ. ಅವನು ಎತ್ತಿದ್ದನ್ನು ನಾನು ಕಣ್ಣಲ್ಲಿ ನೋಡಿದೆ.

"ಕಣ್ ಮುಚ್ಕೊ ಅಕ್ಕ. ಮುಟ್ದಾಗ ಹೂಂ ಅನ್ನು."

ಮುಚ್ಚಿದೆ. ಕಡ್ಡಿ ಹೇಗೆ ಮುಟ್ಟಿಸುತ್ತಾರೆ, ಎಲ್ಲಿಂದ ಶುರು ಮಾಡುತ್ತಾರೆ, ಎಷ್ಟು ಹೊತ್ತು ಬಿಟ್ಟು ಮುಟ್ಟುತ್ತಾರೆ, ಎಲ್ಲವೂ ನನಗೆ ಗೊತ್ತಿರುವುದೇ. ಪಕ್ಕದ ಗದ್ದೆಯಲ್ಲಿ ಪಂಪ್‌ಸೆಟ್ಟು ಓಡುತ್ತಿರುವುದು ಕೇಳುತ್ತಿತ್ತು. ಒಂದು ಉಸಿರು ಎಳೆದು ಬಿಟ್ಟೆ.

"ಹೂಂ," ಎಂದೆ.

ಇನ್ನೊಂದು ಉಸಿರು ಎಳೆದು ಬಿಟ್ಟೆ.

"ಹೂಂ."

ದೊರೆಸಾನಿಯ ಬಳೆಯ ಸದ್ದಾಯಿತು, ಬಾಯಿಗೆ ಕೈ ಒಯ್ದಿರಬೇಕು.

"ನಾನಿನ್ನೂ ಮುಟ್ಟೇ ಇಲ್ಲ ಕಣಕ್ಕ," ಎಂದ ದೊರೆ.

ನಾನು ಕಣ್ಣು ತೆರೆಯಲಿಲ್ಲ.